ಬ್ರೇಕ್ ಪ್ಯಾಡ್ ಒಂದೇ ಕಡೆ ಸವೆದಿದೆಯಾ? ಪಿನ್ ನೋಡಿ

ನಮ್ಮ ಕಾರಿನ ಮುಂದಿನ ಎಡ ಚಕ್ರದಿಂದ ಕೀಂಯ್ ಅಂತ ಸದ್ದು ಬರುತ್ತಿತ್ತು. ಮಳೆಗಾಲ ಅಲ್ವಾ, ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿದಿರಬೇಕು ಅಂದುಕೊಂಡು ಸುಮ್ನಿದ್ದೆ. ಬರೀ ಮೇಲಿನ ತುಕ್ಕಾಗಿದ್ದರೆ ನಾಲ್ಕಾರು ಸಲ ಬ್ರೇಕ್ ಹಾಕುವಷ್ಟರಲ್ಲಿ ಹೋಗುತ್ತದೆ. ಇದು ಹೋಗಲಿಲ್ಲ.

ಚಕ್ರ ಬಿಚ್ಚಿದೆ. ಹೊರಗಿನ ಪ್ಯಾಡ್ ಸುಮಾರು 7 ಮಿ.ಮೀ. ಇತ್ತು, ಒಳಗಿನದು 2 ಕೂಡ ಇರಲಿಲ್ಲ! ಕೂಗುತ್ತಿದ್ದದ್ದು ಪ್ಯಾಡಿನ ಅಂಚಿನ ಪುಟ್ಟ ತಗಡು. ಪ್ಯಾಡ್ ಮುಗಿಯಿತು ಅಂತ ಹೇಳುವುದೇ ಅದರ ಕೆಲಸ.

ಹೀಗಾದಾಗ ಬರೀ ಪ್ಯಾಡ್ ಬದಲಾಯಿಸಿದರೆ ದುಡ್ಡು ದಂಡ. ಡಿಸ್ಕಿನ ಎರಡೂ ಕಡೆಯ ಪ್ಯಾಡ್ ಹಿಡಿದು ಒತ್ತುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಸಲೀಸಾಗಿ ಜಾರಬೇಕು. ಸಿಕ್ಕಿಕೊಂಡರೆ ಒಂದೇ ಕಡೆಯ ಪ್ಯಾಡ್ ಸವೆಯುತ್ತದೆ. ನನ್ನದರಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಹರಿದು, ನೀರು ಇಳಿದು, ಗ್ರೀಸ್ ಒಣಗಿ ಕಂದು ಪುಡಿಯಾಗಿತ್ತು. ಪಿನ್ ಚೆನ್ನಾಗಿದ್ದರೆ, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯುತ್ತಾ ನೋಡಿ. ಅದು ಬಿಗಿಯಾಗಿದ್ದರೆ ಮೆಕ್ಯಾನಿಕ್‌ಗೇ ಬಿಡಿ.

ಪಿನ್ ಒರೆಸಿ, ಹೊಸ ರಬ್ಬರ್ ಹಾಕಿ, ಬ್ರೇಕಿಗೆ ಅಂತಲೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಪ್ಯಾಡ್ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಾಯಿಸಿ. ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ತುಳಿಯಿರಿ. ಇದನ್ನು ಮರೆತು ನಾನು ಗೇಟಿಗೆ ಗುದ್ದುವುದರಲ್ಲಿದ್ದೆ!