ಪರಿಚಯದೋರನ್ನ ಲಿನಕ್ಸ್‌ಗೆ ಕರ್ಕೊಂಡ್ ಬರೋದು ಹೇಗೆ

ಲಿನಕ್ಸ್ ಅಂದ್ರೆ ವಿಂಡೋಸ್ ಬದಲು ಹಾಕ್ಕೊಳ್ಳೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ. ಅದನ್ನ ಬೇರೆಯವ್ರಿಗೆ ಒಪ್ಪಿಸ್ಬೇಕಾದ್ರೆ ಮೊದಲು ಭಾಷಣ ನಿಲ್ಸಿ. ಸೋರ್ಸ್ ಕೋಡು, ಸ್ವಾತಂತ್ರ್ಯ, ಪ್ರೈವೆಸಿ ಎಲ್ಲಾ ಸರಿನೇ, ಆದ್ರೆ ನಿಮ್ ಭಾವನಿಗೋ ಪಕ್ಕದ ಮನೆ ಮೇಷ್ಟ್ರಿಗೋ ಬೇಕಾಗಿರೋದು ಲ್ಯಾಪ್‌ಟಾಪ್ ಬೇಗ ಆನ್ ಆಗೋದು, ಬ್ರೌಸರ್ ನಿಧಾನ ಆಗ್ದೆ ಇರೋದು, ಅಷ್ಟೇ. ಈಗಂತೂ ಒಳ್ಳೆ ನೆಪ ಸಿಕ್ಕಿದೆ, ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳತ್ತೆ, ಇಂಟೆಲ್ ಆದ್ರೆ ಹೆಚ್ಚೂಕಮ್ಮಿ ಎಂಟನೇ ಜನರೇಷನ್ನಿಂದ ಈಚಿನ ಪ್ರೊಸೆಸರ್ರೇ ಬೇಕು, ಹಾಗಾಗಿ ಗಟ್ಟಿಮುಟ್ಟಾಗಿರೋ ಎಷ್ಟೋ ಮಷೀನು ಸುಮ್ನೆ ಮೂಲೆ ಸೇರ್ತಿವೆ.

ಯಾರನ್ನ ಬಿಟ್ಬಿಡ್ಬೇಕು ಅನ್ನೋದೂ ಮುಖ್ಯ. ಟ್ಯಾಲಿಲಿ ಲೆಕ್ಕ ಬರೆಯೋರು, ಜಿಎಸ್‌ಟಿ ಫೈಲಿಂಗಿಗೆ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚೋರು, ಕೋರಲ್‌ಡ್ರಾನಲ್ಲಿ ಲಗ್ನಪತ್ರಿಕೆ ಮಾಡೋರು, ಇವರ ತಂಟೆಗೆ ಹೋಗ್ಲೇಬೇಡಿ, ಅವರ ಅನ್ನ ವಿಂಡೋಸಲ್ಲಿ ಓಡೋ ಆ ಸಾಫ್ಟ್‌ವೇರಲ್ಲಿದೆ. ಬ್ರೌಸರ್ರು, ಯೂಟ್ಯೂಬು, ಒಂದೆರಡು ಅರ್ಜಿ ಟೈಪ್ ಮಾಡೋದು ಅಂತ ಇರೋರನ್ನ ಹಿಡೀರಿ. ಪ್ರಿಂಟರ್ ಯಾವ್ದು ಅಂತ ಕೇಳೋದು ಮರೀಬೇಡಿ. ಎಚ್‌ಪಿ ಆದ್ರೆ ಬಹುತೇಕ ತಾನಾಗೇ ಸಿಗತ್ತೆ, ಆದ್ರೆ ಝೆರಾಕ್ಸ್ ಅಂಗಡಿಗಳಲ್ಲೆಲ್ಲಾ ಕಾಣೋ ಕ್ಯಾನನ್ ಎಲ್‌ಬಿಪಿ2900 ಇದ್ರೆ ಹುಷಾರು, ಅದಕ್ಕೆ ಕ್ಯಾಪ್ಟ್ ಅನ್ನೋ ಕ್ಯಾನನ್‌ದೇ ಬೇರೆ ಡ್ರೈವರ್ರೇ ಬೇಕು, ಲಿನಕ್ಸಲ್ಲಿ ಸೆಟ್ ಮಾಡೋದು ದೊಡ್ಡ ತಲೆನೋವು.

ಆಮೇಲೆ ವಿಂಡೋಸಲ್ಲೇ ಶುರು ಮಾಡಿ. ಫೈರ್‌ಫಾಕ್ಸು, ವಿಎಲ್‌ಸಿ, ಲಿಬ್ರೆಆಫೀಸ್ (ಎಂಎಸ್ ಆಫೀಸ್ ಬದಲಿಗೆ) ಹಾಕ್ಕೊಟ್ಟು ಸ್ವಲ್ಪ ದಿನ ಬಿಡಿ, ಲಿನಕ್ಸಲ್ಲೂ ಇವೇ ಇರತ್ತೆ, ಕೈ ಪಳಗಿರ್ಲಿ. ಲಿಬ್ರೆಆಫೀಸಲ್ಲಿ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ಯಾವಾಗ್ಲೂ ವರ್ಡ್ ಫಾರ್ಮ್ಯಾಟಲ್ಲೇ ಸೇವ್ ಆಗೋ ಹಾಗೆ ಮಾಡಿ, ಇಲ್ದಿದ್ರೆ ಇವರು ಕಳ್ಸಿದ ಫೈಲು ಆ ಕಡೆ ಓಪನ್ ಆಗ್ಲಿಲ್ಲ ಅಂತ ಮೊದಲ ಜಗಳ ಅಲ್ಲೇ ಶುರು.

ಮುಂದೆ 8 ಜಿಬಿ ಪೆನ್‌ಡ್ರೈವ್ ಒಂದಕ್ಕೆ ರೂಫಸ್ಸೋ ವೆಂಟಾಯೋ ಅನ್ನೋ ಟೂಲಲ್ಲಿ ಲಿನಕ್ಸ್ ಮಿಂಟ್ (ಹೊಸಬರಿಗೆ ಸುಲಭವಾದ ಲಿನಕ್ಸ್) ಹಾಕಿ, ಮಷೀನ್ ಆನ್ ಮಾಡ್ತಿದ್ದ ಹಾಗೇ ಬೂಟ್ ಮೆನು ಕೀ ಒತ್ತಿ ಅದರಿಂದಲೇ ಬೂಟ್ ಮಾಡಿ ತೋರ್ಸಿ (ಡೆಲ್, ಲೆನೋವೋಗೆ ಸಾಮಾನ್ಯವಾಗಿ ಎಫ್12, ಎಚ್‌ಪಿಗೆ ಎಫ್9). ಏನೂ ಇನ್‌ಸ್ಟಾಲ್ ಆಗಲ್ಲ, ವೈಫೈ, ಸೌಂಡು, ಕ್ಯಾಮೆರಾ, ಪ್ರಿಂಟರ್ರು ಎಲ್ಲಾ ಅಲ್ಲೇ ಗೊತ್ತಾಗತ್ತೆ. ಪೆನ್‌ಡ್ರೈವಿಂದ ಓಡ್ತಿರೋದ್ರಿಂದ ನಿಧಾನ ಅಂತ ಮೊದಲೇ ಹೇಳ್ಬಿಡಿ. ಮೌಸ್ ಅವರ ಕೈಗೇ ಕೊಡಿ, ನೀವು ಕೈ ಕಟ್ಕೊಂಡು ಕೂತ್ಕೊಳ್ಳಿ. ಎಡಗಡೆ ಮೂಲೇಲಿ ಮೆನು ಇರತ್ತೆ, ತಾವೇ ಹುಡುಕ್ತಾರೆ, ಆಮೇಲೆ "ಸಿ ಡ್ರೈವ್ ಎಲ್ಲಿ?" ಅಂತ ಕೇಳೇ ಕೇಳ್ತಾರೆ, ಹೋಮ್ ಫೋಲ್ಡರ್ ತೋರ್ಸಿ ನಿಮ್ದೆಲ್ಲಾ ಇಲ್ಲಿರತ್ತೆ ಅನ್ನಿ, ಸಾಕು.

ಇನ್‌ಸ್ಟಾಲ್ ಮಾಡೋವಾಗ ಡ್ಯುಯಲ್ ಬೂಟ್ (ಒಂದೇ ಡಿಸ್ಕಲ್ಲಿ ಎರಡೂ ಇಡೋದು) ಗೋಜಿಗೆ ಹೋಗೋಕಿಂತ ನಾನು ಹೇಳೋದು ಒಂದು 256 ಜಿಬಿ ಎಸ್‌ಎಸ್‌ಡಿ ತರ್ಸಿ, ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಹಾಗೇ ಪಕ್ಕಕ್ಕಿಡಿ, ಹೊಸದರಲ್ಲಿ ಮಿಂಟ್ ಹಾಕಿ, ಬೇಕಾದ ಫೈಲುಗಳನ್ನ ಹಳೇ ಡಿಸ್ಕಿಂದ ಸಾಟಾ-ಯುಎಸ್‌ಬಿ ಕೇಬಲ್ಲಲ್ಲಿ ಕಾಪಿ ಮಾಡ್ಕೊಂಡ್ರೆ ಆಯ್ತು. ಇಷ್ಟ ಆಗ್ಲಿಲ್ವಾ, ಹಳೇದು ವಾಪಸ್ ಹಾಕಿ, ವಿಂಡೋಸ್ ಇದ್ದ ಹಾಗೇ ಇರತ್ತೆ. ಈ ಒಂದು ಮಾತಿಗೇ ಅರ್ಧ ಜನ ಒಪ್ಕೋತಾರೆ. (ಸ್ಪೀಡು ಜಾಸ್ತಿ ಆಗಿದ್ರಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿದೇ, ಆದ್ರೆ ಹೊಗಳಿಕೆ ಲಿನಕ್ಸ್‌ಗೆ ಹೋದ್ರೆ ನಾವ್ಯಾಕೆ ತಡೀಬೇಕು.)

ಕನ್ನಡ ಟೈಪಿಂಗ್ ಅವತ್ತೇ ಮಾಡ್ಕೊಡಿ. ಕೀಬೋರ್ಡ್ ಸೆಟ್ಟಿಂಗಲ್ಲಿ ಲೇಔಟ್ಸ್‌ಗೆ ಹೋಗಿ ಕನ್ನಡ ಕಗಪ ಫೊನೆಟಿಕ್ ಆಡ್ ಮಾಡಿ, ನುಡಿ ಸಾಫ್ಟ್‌ವೇರಲ್ಲಿ ಬೆರಳು ಪಳಗಿರೋರಿಗೆ ಹೊಸದಾಗಿ ಕಲಿಯೋದು ಜಾಸ್ತಿ ಇರಲ್ಲ. ಹಳೇ ನುಡಿ ಫಾಂಟಿನ ಫೈಲುಗಳಿದ್ರೆ ಮಾತ್ರ ಆ ಫಾಂಟು ಕಾಪಿ ಮಾಡ್ಬೇಕು ಇಲ್ಲಾ ಯೂನಿಕೋಡಿಗೆ ಕನ್ವರ್ಟ್ ಮಾಡ್ಬೇಕು, ಇಲ್ದಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣತ್ತೆ.

ಮಿಂಟಲ್ಲೇ ಇರೋ ಟೈಮ್‌ಶಿಫ್ಟ್ ಆನ್ ಮಾಡಿ ಬನ್ನಿ, ಅಪ್‌ಡೇಟ್ ಕೈಕೊಟ್ರೆ ಹಿಂದಿನ ಸ್ಥಿತಿಗೆ ಹೋಗ್ಬೋದು. ಮೊದಲ ವಾರ ಫೋನ್ ಬರತ್ತೆ, ಎತ್ತಿ. ಫೋನಲ್ಲಿ ಟರ್ಮಿನಲ್ ಕಮ್ಯಾಂಡ್ ಹೇಳ್ಬೇಡಿ, ಮೆನುಲಿ ಎಲ್ಲಿ ಕ್ಲಿಕ್ ಮಾಡ್ಬೇಕು ಅಂತ ಹೇಳಿ. ಆರಾಮಾಗಿ ಓಡ್ತಿದೆ ಅಂತ ಗೊತ್ತಾದ್ಮೇಲೆ ದಯವಿಟ್ಟು ಅವರ ಮಷೀನಿಗೆ ಆರ್ಚ್ (ಪಳಗಿದೋರಿಗಷ್ಟೇ ಸರಿಹೋಗೋ ಲಿನಕ್ಸ್) ಹಾಕೋಕೆ ಹೋಗ್ಬೇಡಿ.