ಗ್ಲಿಸರಾಲ್ ಪಾಲಿಯೆಸ್ಟರ್: ಗಡಿಯಾರ ಬಿಟ್ಟು ಆಸಿಡ್ ವ್ಯಾಲ್ಯೂ ಹಿಡಿದೆ

ಗ್ಲಿಸರಾಲ್ ಮತ್ತು ಸೆಬಾಸಿಕ್ ಆಸಿಡ್ ಸೇರಿಸಿ ಪಾಲಿಯೆಸ್ಟರ್ ಮಾಡುವಾಗ, ಅವೆರಡರ ಮೋಲ್ ಅನುಪಾತ (ಅಣುಗಳ ಎಣಿಕೆಯ ಲೆಕ್ಕ) ಏನೇ ಇರಲಿ, 120 ಡಿಗ್ರಿಯಲ್ಲಿ 24 ಗಂಟೆ ನೈಟ್ರೋಜನ್ ಕೆಳಗೆ ಕಾಯಿಸಿದರೆ ಪ್ರೀಪಾಲಿಮರ್ (ಇನ್ನೂ ಗಟ್ಟಿಯಾಗದ, ಅರ್ಧ ಬೆಸೆದ ಪಾಲಿಮರ್) ಸಿದ್ಧ ಎಂದೇ ಎಲ್ಲರೂ ಹೇಳಿದ್ದು. ಆ ಮಾತಿಗೆ ನಾಲ್ಕು ಬ್ಯಾಚ್ ತೆತ್ತಿದ್ದೇನೆ. ಗ್ಲಿಸರಾಲ್ ಅಗ್ಗ; ನಷ್ಟವೆಲ್ಲ ಸೆಬಾಸಿಕ್ ಆಸಿಡ್‌ನದು, ಜೊತೆಗೆ ಜೆಲ್ (ಮತ್ತೆ ಕರಗದ ಗಟ್ಟಿ ಮುದ್ದೆ) ಕಚ್ಚಿಕೊಂಡ ಫ್ಲಾಸ್ಕ್‌ಗಳದು.

ಗ್ಲಿಸರಾಲ್ ಮೊದಲು, ಸೆಬಾಸಿಕ್ ಆಮೇಲೆ ಬರೆದರೆ, 1:1ಕ್ಕೆ 46 ಗ್ರಾಂ ಗ್ಲಿಸರಾಲ್, 101 ಗ್ರಾಂ ಸೆಬಾಸಿಕ್. ಇದರಲ್ಲಿ ಆಸಿಡ್ ಸುಮಾರು 87% ಖರ್ಚಾಗುವವರೆಗೆ ಜೆಲ್ ಭಯವಿಲ್ಲ. 2:3ಕ್ಕೆ ಅದೇ 46 ಗ್ರಾಂಗೆ 152 ಗ್ರಾಂ. ಇಲ್ಲಿ 71%ಕ್ಕೇ ಗಟ್ಟಿ. ಇನ್ನೊಂದು ಕಡೆ, ಗ್ಲಿಸರಾಲ್ 1.33:1 ದಾಟಿದರೆ ಲೆಕ್ಕದ ಪ್ರಕಾರ ಜೆಲ್ ಆಗುವುದೇ ಇಲ್ಲ. ನನ್ನ 1.5:1 ಎರಡು ದಿನ ವ್ಯಾಕ್ಯೂಮ್‌ನಲ್ಲಿಟ್ಟರೂ ಅಂಟಂಟಾಗಿಯೇ ಉಳಿಯಿತು.

ಹಾಗಾಗಿ ಗಂಟೆಗೊಮ್ಮೆ ಅರ್ಧ ಗ್ರಾಂ ತೆಗೆದು, ಆಲ್ಕೋಹಾಲ್‌ನಲ್ಲಿ ಕರಗಿಸಿ, ಫಿನಾಲ್ಫ್ತಲೀನ್ (ಕ್ಷಾರ ಹೆಚ್ಚಾದಾಗ ಗುಲಾಬಿಯಾಗುವ ಸೂಚಕ) ಹಾಕಿ 0.1 ನಾರ್ಮಲ್ ಕೆಒಎಚ್‌ನಿಂದ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಟೈಟ್ರೇಟ್ ಮಾಡುತ್ತೇನೆ, ಅಂದರೆ ಬಣ್ಣ ಬರುವವರೆಗೆ ಹನಿ ಹನಿಯಾಗಿ ಸೇರಿಸುತ್ತೇನೆ. ಒಂದು ಗ್ರಾಂನಲ್ಲಿ ಉಳಿದ ಆಸಿಡ್‌ಗೆ ಹಿಡಿಯುವ ಕೆಒಎಚ್ ಮಿಲಿಗ್ರಾಂಗಳೇ ಆಸಿಡ್ ವ್ಯಾಲ್ಯೂ. 1:1 ಸುಮಾರು 380ರಿಂದ ಶುರುವಾಗುತ್ತದೆ. 85ಕ್ಕೆ ಇಳಿದಾಗ, ಅಂದರೆ ಏಳೂವರೆ ಎಂಎಲ್ ಹಿಡಿದಾಗ, ನಿಲ್ಲಿಸುತ್ತೇನೆ. 2:3ರಲ್ಲಿ 85ರವರೆಗೆ ಕಾದರೆ ಫ್ಲಾಸ್ಕ್ ಹೋಯಿತೆಂದೇ ಲೆಕ್ಕ; 140ರ ಆಸುಪಾಸಿನಲ್ಲೇ ಜೆಲ್ ಕಟ್ಟುತ್ತದೆ. ಅದನ್ನು ಆಸಿಡ್ ವ್ಯಾಲ್ಯೂ 170ಕ್ಕೆ ಬಂದಾಗಲೇ ನಿಲ್ಲಿಸಿಬಿಡಬೇಕು.

ರಿಯಾಕ್ಷನ್‌ನಲ್ಲಿ ಹೊರಬಂದ ನೀರನ್ನು ತೂಗಿ ಲೆಕ್ಕ ಹಾಕುವವರಿದ್ದಾರೆ. ಅದರಲ್ಲೇ ನಾನು ಮೋಸ ಹೋದದ್ದು. ನೈಟ್ರೋಜನ್ ಜೋರಾಗಿ ಬಿಟ್ಟರೆ ನೀರಿನ ಜೊತೆ ಗ್ಲಿಸರಾಲ್ ಕೂಡ ಹಾರುತ್ತದೆ: ತೂಕ ನೋಡಿದರೆ ರಿಯಾಕ್ಷನ್ ಮುಗಿದಂತೆ, ಒಳಗೆ ಅನುಪಾತ ಮಾತ್ರ ಆಸಿಡ್ ಕಡೆ ವಾಲಿರುತ್ತದೆ. ಬಾಯ್ತೆರೆದಿಟ್ಟ ಬಾಟಲಿಯ ಗ್ಲಿಸರಾಲ್ ನೀರು ಹೀರಿರುತ್ತದೆ. 5% ನೀರಿದ್ದರೆ 1:1 ಎಂದುಕೊಂಡದ್ದು 0.95:1. ಗ್ಲಿಸರಾಲ್ ಹಾರದಂತೆ ಫ್ಲಾಸ್ಕ್ ಮೇಲಿನ ಕಾಲಮ್ (ಆವಿ ಹಾದುಹೋಗುವ ಕೊಳವೆ) ಎಷ್ಟು ಬಿಸಿ ಇಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸೆಬಾಸಿಕ್ ಸುಮಾರು 133 ಡಿಗ್ರಿಗೆ ಕರಗುವುದರಿಂದ ಮೊದಲು 145ಕ್ಕೆ ಏರಿಸಿ, ತಿಳಿಯಾದ ಮೇಲೆ 120ಕ್ಕೆ ಇಳಿಸಿ. ಪ್ರೀಪಾಲಿಮರನ್ನು ಫಿಲ್ಮ್ ಆಗಿ ಹರಡಿ ಕ್ಯೂರಿಂಗ್‌ಗೆ (ಕಾಯಿಸಿ ಗಟ್ಟಿ ಮಾಡಲು) ಹಾಕಿದಾಗ ಒಮ್ಮೆಲೇ ಪೂರ್ತಿ ವ್ಯಾಕ್ಯೂಮ್ ಎಳೆದರೆ ಫಿಲ್ಮ್ ತುಂಬ ಗುಳ್ಳೆ. ಒಂದು ಮಿಲಿಮೀಟರ್‌ಗಿಂತ ದಪ್ಪ ಬೇಡ.

ನಡುವೆ ಸೆಬಾಸಿಕ್‌ನ ಹತ್ತನೇ ಒಂದು ಭಾಗದ ಬದಲು ಸಿಟ್ರಿಕ್ ಹಾಕಿ ನೋಡಿದೆ. ಅದಕ್ಕೆ ಮೂರು ಕೈ (ಬೆಸೆಯುವ ಆಸಿಡ್ ಗುಂಪು), ಸೆಬಾಸಿಕ್‌ಗೆ ಎರಡೇ; ಹಾಗಾಗಿ ಜೆಲ್ ಬೇಗ ಬಂತು, ನೊರೆಯೂ ಉಕ್ಕಿತು. ಕಾಲು ಭಾಗ ಅಡಿಪಿಕ್ ಹಾಕಿದ್ದರಲ್ಲಿ ಹಣ ಉಳಿಯಿತು, ಆದರೆ ಫಿಲ್ಮ್ ನೀರು ಹೆಚ್ಚು ಹೀರಿತು. ಒದ್ದೆ ಜಾಗಕ್ಕೆ ಅದನ್ನು ಬಳಸುವುದಿಲ್ಲ.

ಈ ಲೆಕ್ಕ ಹಿಡಿದ ಮೇಲೆ ಹನ್ನೊಂದೋ ಹನ್ನೆರಡೋ ಬ್ಯಾಚ್ ಆಗಿವೆ. ಒಂದೂ ಫ್ಲಾಸ್ಕ್‌ನಲ್ಲಿ ಕಟ್ಟಿಲ್ಲ.