ಯುವಿ ಫಿಲ್ಟರ್ ಇದ್ದರೂ ಹೋಗದ ಫ್ಲೋರೈಡ್

ಪಾವಗಡದ ನಮ್ಮ ಮನೆ ನಲ್ಲಿಗೆ ಬರುವುದು ಬೋರ್‌ವೆಲ್ ನೀರು. ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಕಂಡಾಗ ಎದೆ ಧಸಕ್ಕೆಂದಿತು; ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಾದರೆ ಮಕ್ಕಳ ಹಲ್ಲು ಹೀಗಾಗುತ್ತದೆ. ಅಲ್ಲಿವರೆಗೆ ಯುವಿ ಫಿಲ್ಟರ್ ಇದೆ ಅಲ್ವಾ ಅಂತ ಸುಮ್ನಿದ್ದೆ. ಅದು ಕ್ರಿಮಿ ಕೊಲ್ಲುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ.

ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬ್‌ಗೆ ಕೊಟ್ಟೆ. ಲೀಟರಿಗೆ 2.6 ಮಿಲಿಗ್ರಾಂ! ಬೇರೆ ನೀರೇ ಸಿಗದಿದ್ದರೂ 1.5 ದಾಟಬಾರದು.

ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಆರ್‌ಒ ಯಂತ್ರ ಹಾಕಿಸಿದೆವು. ಕರಗಿರುವ ಒಟ್ಟು ಲವಣಾಂಶವನ್ನಷ್ಟೇ (ಟಿಡಿಎಸ್) ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಫ್ಲೋರೈಡ್ ಎಷ್ಟಿದೆ ಅಂತ ತಿಳಿಯುವುದಿಲ್ಲ. ರುಚಿಗೆಂದು ಕೊಟ್ಟಿರುವ ಟಿಡಿಎಸ್ ತಿರುಪನ್ನು ಪೂರ್ತಿ ಮುಚ್ಚಿಸಿದೆ; ತೆರೆದಿದ್ದರೆ ಆರ್‌ಒ ಆಗದ ನೀರೂ ಬೆರೆಯುತ್ತದೆ. ಮತ್ತೆ ಲ್ಯಾಬ್‌ಗೆ ಕೊಟ್ಟಾಗ 0.3 ಬಂತು. ಅನ್ನ, ಸಾರಿಗೂ ಈಗ ಅದೇ ನೀರು.